ಒಂದೇ ಥರದ ಮೊಟ್ಟೆಗಳು

ಬುಧವಾರ, ೧೨ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಹಿಂದಿನ ಕಾಗದಕ್ಕೇ ಉತ್ತರ ಬರೆಯದೆ ಕೂತಿದ್ದೆ, ಚೆನ್ನಾಗಿ ಬೈದುಕೊಂಡಿರುತ್ತೀಯ. ಬೆಳಿಗ್ಗೆ ಫೋನಿನಲ್ಲಿ "ಪುಟ್ಟಿನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು" ಅಂದವಳೇ ಇಟ್ಟುಬಿಟ್ಟೆ. ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಪಶುವೈದ್ಯರು ನಿಮ್ಮ ಕಡೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಜೊತೆಗಿರುವ ವರದಿಯನ್ನು ಆಸ್ಪತ್ರೆಯ ಡಾಕ್ಟರಿಗೆ ತೋರಿಸು.

ಎರಡು ತಿಂಗಳ ಹಿಂದೆ ಕುರಿಗಳ ಹಿಕ್ಕೆಯನ್ನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದೆಯಲ್ಲ. "ಹಿಕ್ಕೆ ನೋಡೋಕೆ ಇಷ್ಟೆಲ್ಲಾ ಓದಬೇಕಿತ್ತಾ?" ಅಂತ ಭಾವ ಕಾಲೆಳೆದಿದ್ದರು. ಅದರಲ್ಲಿ ಹುಳುವಿನ ಮೊಟ್ಟೆಗಳಿದ್ದವು. ಹೊಟ್ಟೆಯ ಚಪ್ಪಟೆ ಹುಳು, ಲಿವರಿನ ಚಪ್ಪಟೆ ಹುಳು, ಎರಡರ ಮೊಟ್ಟೆಯೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಒಂದೇ ಥರ. ಅದಕ್ಕೇ ಡಿಎನ್‌ಎ ತೆಗೆದು, ಆಯಾ ಹುಳುವಿನದೇ ಆದ ಗುರುತು ಹುಡುಕುತ್ತೇವೆ. ಸಿಕ್ಕರೆ ಜೆಲ್ ಅನ್ನುವ ಲೋಳೆಯಂಥ ಹಾಳೆಯ ಮೇಲೆ ಗೆರೆ ಹೊಳೆಯುತ್ತದೆ. ಅವತ್ತು ಮೊದಲು ಹೊಟ್ಟೆಯ ಹುಳುವಿನ ಗೆರೆ ಕಂಡಿತು, ಇನ್ನೊಂದನ್ನು ಹುಡುಕದೆ ಹೊಟ್ಟೆಯ ಹುಳು ಅಂತಲೇ ನಿನಗೆ ಹೇಳಿದೆ. ಅದು ಅಷ್ಟೇನೂ ಕೇಡು ಮಾಡುವುದಿಲ್ಲ, ಮನುಷ್ಯರ ತಂಟೆಗೂ ಬರುವುದಿಲ್ಲ.

ಆಮೇಲೆ ನಿನ್ನ ಆರು ಕುರಿ ಹೋದವು. ಪಶುವೈದ್ಯರು ಹೊಸ ಹಿಕ್ಕೆ ತಂದು ಮೇಜಿನ ಮೇಲಿಟ್ಟು, "ಕುರಿಗಳ ದವಡೆ ಕೆಳಗೆ ನೀರು ತುಂಬ್ಕೊಂಡಿದೆ, ಲಿವರ್ ಹುಳು ಬಿದ್ದಾಗ ಆಗೋ ಥರ. ನಂಗ್ಯಾಕೋ ನಿಮ್ಮ ವರದಿ ಮೇಲೆ ನಂಬಿಕೆ ಬರ್ತಿಲ್ಲ ಕಣಮ್ಮ" ಅಂದರು. ಮತ್ತೆ ಪರೀಕ್ಷೆ ಮಾಡಿ ನಿನ್ನೆ ಮುಗಿಸಿದೆ. ಎಂಟು ಮಾದರಿಯಲ್ಲೂ ಲಿವರ್ ಹುಳುವಿನ ಗೆರೆ. ಅದೇ ಹೊತ್ತಿಗೆ ನಿನ್ನ ಎರಡನೆಯ ಕಾಗದ ಬಂತು: ಪುಟ್ಟಿಗೆ ಬಿಟ್ಟು ಬಿಟ್ಟು ಜ್ವರ, ಬಲಪಕ್ಕೆಯ ಕೆಳಗೆ ಮುಟ್ಟಗೊಡುವುದಿಲ್ಲ.

ಈ ಹುಳುವಿನ ಮರಿಗಳು ಕೊಳದ ಅಂಚಿನ ಸೊಪ್ಪಿಗೆ ಅಂಟಿಕೊಂಡಿರುತ್ತವೆ. ಕುರಿ ತಿಂದರೆ ಕುರಿಗೆ, ಮಕ್ಕಳು ಹಸಿಯಾಗಿ ತಿಂದರೆ ಮಕ್ಕಳಿಗೆ. ಆ ಸೊಪ್ಪು ಮೇಯುವುದರಲ್ಲಿ ನಿನ್ನ ಮಗಳು ಪುಟ್ಟಿ ಕುರಿಗಳಿಗೇನೂ ಕಡಿಮೆಯಿಲ್ಲ ಅಂತ ನಾವೇ ನಗುತ್ತಿದ್ದೆವು.

ಔಷಧಿ ಇದೆ ಅಕ್ಕಾ. ಆದರೆ ಎಷ್ಟು ಹುಳು ಹೊಕ್ಕಿವೆಯೋ, ಎಷ್ಟು ದಿನದಿಂದ ಕೊರೆಯುತ್ತಿವೆಯೋ, ಅದೇ ಹೆದರಿಕೆ. ಫೋನ್ ಸದ್ದಾದರೆ ಕೆಲಸ ಬಿಟ್ಟು ಓಡುತ್ತೇನೆ, ಸದ್ದಾಗದಿದ್ದರೆ ಇನ್ನೂ ಕಷ್ಟ.

ಪುಟ್ಟಿಗೆ ನನ್ನ ಆಯಸ್ಸೂ ಸೇರಿ ಬರಲಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ

ತಾ.ಕ.: ಪರೀಕ್ಷೆ ಮಾಡುವಾಗಲೆಲ್ಲ ಒಂದು ಕೊಳವೆಯಲ್ಲಿ ಬರೀ ನೀರು ಇಡುತ್ತೇವೆ. ಅದರಲ್ಲಿ ಗೆರೆ ಬರಕೂಡದು. ಬಂತೆಂದರೆ ಎಲ್ಲೋ ಬೆರಕೆಯಾಗಿದೆ, ಎಲ್ಲವನ್ನೂ ಚೆಲ್ಲಿ ಮೊದಲಿನಿಂದ ಮಾಡಬೇಕು. ಎರಡು ತಿಂಗಳ ಹಿಂದೆ ಆ ನೀರಿನಲ್ಲೂ ಹೊಟ್ಟೆಯ ಹುಳುವಿನ ಗೆರೆ ಬಂದಿತ್ತು. ನಾನು ಅವತ್ತೇ ನೋಡಿದ್ದೆ. ಮತ್ತೆ ಮಾಡಲು ಇನ್ನೆರಡು ದಿನ ಬೇಕಿತ್ತು. ನಿನಗೆ ಬೇಗ ಒಳ್ಳೆಯ ಸುದ್ದಿ ಹೇಳುವ ಆಸೆ. ಜೆಲ್ಲಿನ ಫೋಟೋದಲ್ಲಿ ಆ ನೀರಿನ ಗೆರೆಯಿದ್ದ ಅಂಚನ್ನು ಕತ್ತರಿಸಿ ಮೇಲಧಿಕಾರಿಗೆ ಕೊಟ್ಟೆ, ನಿನಗೆ ಫೋನ್ ಮಾಡಿದೆ. ಪುಟ್ಟಿ ನಿನ್ನ ಕೈಯಿಂದ ಫೋನ್ ಕಿತ್ತುಕೊಂಡು ಹೊರಗೆ ಓಡಿದಳಲ್ಲ, ನೆನಪಿದೆಯಾ? "ಚಿಕ್ಕಮ್ಮಾ, ಕುರಿಗೆ ಹುಷಾರಿಲ್ಲ, ಕೊಳದ ಸೊಪ್ಪು ಮುಟ್ಬೇಡ ಅಂತಾಳೆ ಅಮ್ಮ. ಈಗ ತಿನ್ನಬಹುದು ತಾನೇ?" ಅಂತ ಕೇಳಿದಳು.

"ತಿನ್ನು ಕಂದಾ, ಅಮ್ಮನಿಗೆ ನಾನು ಹೇಳ್ತೀನಿ" ಅಂದೆ.