ಥರ್ಮಾಕೋಲ್ ಮೀನು

ಮಾರ್ಚ್ 14, ಶನಿವಾರ

ಸಿಟ್ಟು ಇಳಿಯುತ್ತಲೇ ಇಲ್ಲ! ಮದುವೆಯಾಗಿ ಇಪ್ಪತ್ತೇ ದಿನ, ಅದೂ ನನ್ನ ಮುದ್ದು ಗಂಡ ಶಹ್ರಿಲ್ ಮೇಲೆ! ಬೆಳಿಗ್ಗೆ ಜೊಹೊರ್ ಅಳಿವೆಯಲ್ಲಿ ಕಡಲ ಹದ್ದು ನೀರಿಗೆರಗಿ ಮೀನೆತ್ತಿದ ಫೋಟೊ ಸಿಕ್ಕಿತೆಂದು ದೋಣಿಯಲ್ಲೇ ಕುಣಿದಿದ್ದೆ. ಈಗ ಹಿಗ್ಗಿಸಿ ನೋಡಿದರೆ ಮೀನಿನ ಬಾಯಲ್ಲಿ ಥರ್ಮಾಕೋಲ್! ನಾನು ಲೆನ್ಸ್ ಬದಲಿಸುವಾಗ ಹದ್ದನ್ನು ಸೆಳೆಯಲು ಇವರೇ ಆ ಮೀನನ್ನು ನೀರಿಗೆ ಎಸೆದಿದ್ದರಂತೆ.

“ಸತ್ತ ಮೀನು ತೇಲಬೇಕಲ್ವೇನೇ? ಫೋಟೊ ತೆಗೆಸೋರೆಲ್ರೂ ಹಿಂಗೇ ಥರ್ಮಾಕೋಲ್ ತುರುಕ್ತಾರೆ. ನಿನಗೋಸ್ಕರ ಮಾಡ್ದೆ ಚಿನ್ನಾ.”

“ನಾನು ಕೇಳಿದ್ನಾ? ಅದನ್ನ ತಿಂದ್ರೆ ಹದ್ದಿನ ಗತಿ ಏನ್ರೀ?”

“ಉಗುಳತ್ತೆ ಬಿಡೇ.”

ಉಗುಳುವುದೆಲ್ಲಿ ಬಂತು! ಅದು ಮೀನನ್ನು ಮರಿಯಿದ್ದ ಗೂಡಿಗೇ ಒಯ್ದದ್ದನ್ನು ಕಣ್ಣಾರೆ ಕಂಡೆ. ಆಗ ಚಪ್ಪಾಳೆ ತಟ್ಟಿದವಳೂ ನಾನೇ. ಅಳಿಸಿಬಿಡಬೇಕೆಂದು ನಾಲ್ಕು ಸಲ ಫೋಟೊ ತೆರೆದೆ. ಹಾಳಾದ್ದು, ಎಷ್ಟು ಚೆಂದ ಬಂದಿದೆ ಎಂದರೆ ನಾಲ್ಕು ಸಲವೂ ಅಳಿಸಲು ಮನಸ್ಸೇ ಬರಲಿಲ್ಲ.