ಹಿಂದಿನ ಪುಟದ ಉತ್ತರ

ಮೋಕ್ಷಾ,

ನಾನು ಕಾರ್ಕಳಕ್ಕೆ ಹೊರಟೆ. ಬಂಗುಡೆ ಸಾರು ಉಂಟು, ಬಿಸಿ ಮಾಡಿಕೋ. ಬೆಕ್ಕನ್ನು ಒಳಗೆ ಬಿಡಬೇಡ.

ನಿನ್ನ ಲೆಕ್ಕ ನೋಡಿದೆ. y = 2x + 5 ರೇಖೆಗೆ ಸಮಾಂತರವಾಗಿ (3, 7) ಬಿಂದುವಿನ ಮೂಲಕ ಹೋಗುವ ರೇಖೆ ಬೇಕಿತ್ತು. ನೀನು ಬರೆದದ್ದು y = 2x + 7. ಇಳಿಜಾರು 2, ಅದು ಸರಿಯೇ. ಆದರೆ x ಇದ್ದಲ್ಲಿ 3 ಹಾಕಿ ನೋಡು ಮಾರಾಯ್ತಿ, 7 ಎಲ್ಲಿ ಬರುತ್ತದೆ? 13 ಬರುತ್ತದೆ! ಕೇಳಿದರೆ "ನಾನೇ ಮಾಡಿದ್ದು ಅಕ್ಕ" ಅಂತ ಅಂಬಲಪಾಡಿ ಅಮ್ಮನ ಆಣೆ ಬೇರೆ.

ನಾಳೆ ಪರೀಕ್ಷೆಯಲ್ಲಿ ಎಂತ ಮಾಡುತ್ತೀ? ಸಂಜೆ ನಾನು ಬಂದ ಮೇಲೆ ಎದುರು ಕೂತು ಮಾಡು.

ಸರಿಯಾದ ಉತ್ತರ y = 2x + 1. ನಿನ್ನ ಪುಸ್ತಕದ ಹಿಂದೆಯೂ ಹಾಗೆಯೇ ಅಚ್ಚಾಗಿತ್ತು. ಆ ಒಂದನ್ನು ಪೆನ್ನಿನಿಂದ ಏಳು ಮಾಡಿಟ್ಟದ್ದು ನಾನು.

ಚೈತಾಲಿ