ಸಿಲಿಂಡರಿನ ಆರು ತೂತು

ಆಗಸ್ಟ್ 26, 2013. ಸೋಮವಾರ, ಬೆಳಿಗ್ಗೆ 11

ಫಿಸಿಯೊ ಮೇಡಂ ಬಂದು ಹೋದರು. ಇವತ್ತು ನಮ್ಮನೆಯವರು ಬಲಗೈಯನ್ನು ಭುಜದ ಮಟ್ಟಕ್ಕೆ ತಾವೇ ಎತ್ತಿದರು. ಬೆರಳುಗಳು ಮಾತ್ರ ಇನ್ನೂ ಮುಷ್ಕರದಲ್ಲಿವೆ. "ಫ್ಯಾಕ್ಟರಿ ಬೆರಳಲ್ವಾ ಮೇಡಂ, ಯೂನಿಯನ್ ಹೇಳಿದ್ರೆ ಮಾತ್ರ ಕೆಲಸ ಮಾಡ್ತವೆ" ಅಂದರು. ತಮಾಷೆ ವಾಪಸ್ ಬಂದಿದೆ. ಒಳ್ಳೆಯ ಲಕ್ಷಣ.

ಆದರೆ ಶೆಡ್ ಕಡೆ ತಲೆ ಹಾಕುವುದಿಲ್ಲ. ಫೆಬ್ರವರಿಯಲ್ಲಿ ಸ್ಟ್ರೋಕ್ ಆದಾಗಿನಿಂದ ಒಂದು ದಿನವೂ ಇಲ್ಲ. ರಿಟೈರ್ ಆದ ಮೇಲೆ ಆಸೆಪಟ್ಟು ತಂದ ಪುಟ್ಟ ಲೇತ್ ಧೂಳು ತಿನ್ನುತ್ತಿದೆ. ಆಯುಧಪೂಜೆಗೆ ಶೆಡ್ ತೊಳೆಸೋಣವಾ ಅಂತ ನಿನ್ನೆ ಕೇಳಿದೆ. "ಮಾರ್ಬಿಡು ವತ್ಸಲಾ. ಒಂಟಿ ಕೈಯವನಿಗೆ ಲೇತ್ ಯಾಕೆ?" ಕಾಫಿ ಕೇಳಿದಷ್ಟೇ ಸಲೀಸಾಗಿ ಹೇಳಿದರು. ಮೂವತ್ತು ವರ್ಷ ಲೇತ್ ಮುಂದೆ ನಿಂತ ಟರ್ನರ್ ಈ ಮನುಷ್ಯ.

ಮಾರುವುದಿಲ್ಲ. ಅಷ್ಟೇ.

ಆಗಸ್ಟ್ 29, ಗುರುವಾರ

ಇವರು ಮಲಗಿದ್ದಾಗ ಶೆಡ್‌ಗೆ ಹೋದೆ. ಸ್ಟ್ರೋಕ್‌ಗೆ ಮುಂಚೆ ಇವರು ಮಾಡುತ್ತಿದ್ದ ಮಾದರಿ ಎಂಜಿನ್ ಬಿಟ್ಟಲ್ಲೇ ಇದೆ. ಅಂಗೈ ಮೇಲೆ ಕೂರುವಂಥದ್ದು, ಗಾಳಿ ಪಂಪು ಹೊಡೆದರೆ ಓಡಬೇಕು. ಚಕ್ರ, ಪಿಸ್ಟನ್ ಎಲ್ಲ ಮುಗಿಸಿದ್ದಾರೆ. ಕಂಚಿನಂಥ ಗನ್‌ಮೆಟಲ್ ಸಿಲಿಂಡರ್ ಎಷ್ಟು ಚೆನ್ನಾಗಿ ಮಾಡಿದ್ದಾರೆ... ಒಳಗೆ ಬೆರಳಿಟ್ಟರೆ ಜಾರುತ್ತದೆ. ಮುಚ್ಚಳದ ಸ್ಕ್ರೂಗಳಿಗೆ ಆರು ಗುರುತು ಹಾಕಿದ್ದಾರೆ. ತೂತು ಕೊರೆದು, ಸ್ಕ್ರೂ ಹಿಡಿಯಲು ಒಳಗೆ ಸುರುಳಿ ಗೆರೆ, ಅಂದರೆ ಥ್ರೆಡ್, ಹಾಕುವುದಷ್ಟೇ ಬಾಕಿ. ಅಷ್ಟರಲ್ಲಿ ಫೆಬ್ರವರಿ ಬಂತು.

ನಾನು ಮುಗಿಸುತ್ತೇನೆ. ಅಕ್ಟೋಬರ್ 13ಕ್ಕೆ ಆಯುಧಪೂಜೆ. ಅವತ್ತು ಇದು ಓಡಿದರೆ ಇವರು ಶೆಡ್‌ಗೆ ಬಂದೇ ಬರುತ್ತಾರೆ. ಬರಲೇಬೇಕು.

ಇವರಿದ್ದ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್‌ನಲ್ಲೇ ಇಪ್ಪತ್ತೊಂಬತ್ತು ವರ್ಷ ಕೂತವಳು ನಾನು. ಎಷ್ಟು ಸಾವಿರ ಥ್ರೆಡ್‌ಗೆ ಅಳತೆಯ ಗೇಜ್ ಹಾಕಿ ಪಾಸು, ಫೇಲು ಅಂದಿದ್ದೇನೋ. ಮದುವೆಗೆ ಮುಂಚೆ ಇವರದ್ದನ್ನೂ ಫೇಲ್ ಮಾಡಿದ್ದೆ. ಆದರೆ ಸ್ವಂತ ಕೈಯಲ್ಲಿ ಒಂದೇ ಒಂದು ಥ್ರೆಡ್ ಹಾಕಿಲ್ಲ. ಜೀವಮಾನವಿಡೀ ಒಲೆ ಹಚ್ಚದೆ ಉಪ್ಪು ಜಾಸ್ತಿ ಅಂದವಳ ಕಥೆ.

ಸೆಪ್ಟೆಂಬರ್ 4, ಬುಧವಾರ

ಮಧ್ಯಾಹ್ನ ಎರಡರಿಂದ ನಾಲ್ಕು — ಇವರ ನಿದ್ದೆ, ನನ್ನ ಶಿಫ್ಟು.

ರದ್ದಿ ತುಂಡುಗಳ ಮೇಲೆ ಕಲಿತೆ. ಟ್ಯಾಪ್ ಅಂದರೆ ಹಲ್ಲಿರುವ ಉಕ್ಕಿನ ಸ್ಕ್ರೂ. ಎರಡು ತೋಳಿನ ಹಿಡಿಗೆ ಸಿಕ್ಕಿಸಿ, ತೂತಿನೊಳಗೆ ತಿರುಗಿಸಿದರೆ ಥ್ರೆಡ್ ಕೊರೆಯುತ್ತಾ ಇಳಿಯುತ್ತದೆ. ನೋಡಲು ಸುಲಭ.

ನಾಲ್ಕು ಎಂಎಂ ಟ್ಯಾಪಿಗೆ ಎಲ್ಲರೂ 3.3ರ ಡ್ರಿಲ್ ಹಾಕುತ್ತಾರೆ. ನಾನು 3.25 ಹಾಕಿದೆ. ತೂತು ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನುವ ಲಿಮಿಟ್ ಟೇಬಲ್ ನನಗೆ ಬಾಯಿಪಾಠ, ಅದರ ಕೆಳಗಿನ ಅಂಚು ಅದು. ತೂತು ಬಿಗಿಯಾಗಿದ್ದಷ್ಟೂ ಥ್ರೆಡ್ ತುಂಬಿಕೊಂಡು ಬರುತ್ತದೆ. ಇವರ ಸಿಲಿಂಡರ್‌ಗೆ ಸಡಿಲ ಕೆಲಸ ಬೇಡ. ಆರೂ ತೂತು ಕೊರೆದಾಯಿತು.

ಸೆಪ್ಟೆಂಬರ್ 6, ಶುಕ್ರವಾರ, 3:40

ಮೂರು ಥ್ರೆಡ್ ಆಯಿತು. ಮೂರಕ್ಕೂ ಗೇಜ್ ಹಾಕಿದೆ, ಪಾಸು. ನಾನು ಹಾಕಿದ ಥ್ರೆಡ್ಡು ನನ್ನ ಗೇಜಿಗೆ. ಒಬ್ಬಳೇ ನಕ್ಕೆ.

ನಾಲ್ಕನೆಯದು ಬಿಗಿಯಾಗಿತ್ತು. ಇನ್ನೊಂದು ಚೂರು ಅಂತ ಒತ್ತಿದೆ. ಟಿಕ್ ಅಂತು.

ಟ್ಯಾಪ್ ತೂತಿನೊಳಗೇ ಮುರಿದಿದೆ.

ಸೆಪ್ಟೆಂಬರ್ 11, ಬುಧವಾರ

ಗೌರಿ ಗಣೇಶ ಬಂದು ಹೋದವು. ಕಡುಬಿನ ಹೂರಣ ತಳ ಹಿಡಿಯಿತು. "ಏನಾಗಿದೆ ನಿಂಗೆ?" ಅಂದರು ಇವರು. ಏನಿಲ್ಲ ಅಂದೆ. ಸಿಲಿಂಡರ್ ಮೆಂತ್ಯದ ಡಬ್ಬಿಯಲ್ಲಿದೆ.

ಮುರಿದ ಟ್ಯಾಪನ್ನು ಕೊರೆದು ತೆಗೆಯಲಾಗದು, ಡ್ರಿಲ್‌ಗಿಂತ ಅದೇ ಗಟ್ಟಿ. ಇನ್ನೊಂದು ಸಿಲಿಂಡರ್ ಮಾಡಲು ಆ ಕೈ ಈಗಿಲ್ಲ. ಅವರು ಎರಡು ಕೈಯಿಂದ ಮಾಡಿದ ಕೊನೆಯ ವಸ್ತು ಇದು, ಅದನ್ನೇ ಕೆಡಿಸಿದೆ. ದೇವರ ಮುಂದೆ ಕೂತು ಅತ್ತೆ. ಬರೆಯಲು ನಾಚಿಕೆ, ಆದರೂ ನಿಜ.

ಸೆಪ್ಟೆಂಬರ್ 14, ಶನಿವಾರ

ಅಕ್ಕನ ಮನೆಗೆ ಅಂತ ಸುಳ್ಳು ಹೇಳಿ ಹೂಡಿಯಿಂದ ಪೀಣ್ಯಕ್ಕೆ ಹೋದೆ. ರಾಜಗೋಪಾಲನಗರದ ಹತ್ತಿರ ಮುರಿದ ಟ್ಯಾಪ್ ಸುಡುವ ಅಂಗಡಿ ಇದೆ. ಕರೆಂಟಿನ ಕಿಡಿಯಲ್ಲಿ ಟ್ಯಾಪನ್ನಷ್ಟೇ ಚೂರುಚೂರು ತಿನ್ನಿಸಿ ತೆಗೆಯುತ್ತಾರೆ, ಸುತ್ತಲಿನ ಥ್ರೆಡ್ ಉಳಿಯುತ್ತದೆ. ಒಳಗೆ ಹೋದರೆ ಪುಟ್ಟಣ್ಣ. ನಮ್ಮ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ತೊಂಬತ್ತಾರರಲ್ಲಿ ಅವರು ಮಾಡಿದ ಒಂದು ಟ್ರೇ ಮಾಲು ಪೂರ್ತಿ ಫೇಲ್ ಮಾಡಿದ್ದೆ. ಓಡಿಹೋಗೋಣ ಅನ್ನಿಸಿತು.

"ವತ್ಸಲಾ ಮೇಡಂ. ನೀವೇ ಟ್ಯಾಪ್ ಮುರ್ಕೊಂಡು ಬಂದ್ರಾ?" ಕುರ್ಚಿ ಒರೆಸಿ ಕೊಟ್ಟರು. ನಗು ತಡೆಯಲು ಪಾಪ ಬಹಳ ಕಷ್ಟಪಟ್ಟರು.

ಇವರ ಸ್ಟ್ರೋಕ್, ನನ್ನ ಗುಟ್ಟಿನ ಕೆಲಸ ಎಲ್ಲ ಹೇಳಿದೆ. ಡ್ರಿಲ್ ಎಷ್ಟು ಅಂತ ಕೇಳಿದರು. ಹೇಳಿದೆ. ಟೇಬಲ್ ಪ್ರಕಾರ ಸರಿಯಾಗಿಯೇ ಇದೆ ಅಂತಲೂ ಸೇರಿಸಿದೆ.

"ಸರೀನೇ ಮೇಡಂ. ನೀವು ಯಾವತ್ತು ತಪ್ಪಿದ್ರಿ? ಆದ್ರೆ ಲಿಮಿಟ್‌ಗೆ ಎರಡು ತುದಿ ಇರ್ತವೆ. ನೀವು ಯಾವಾಗ್ಲೂ ಬಿಗಿ ತುದೀನೇ ಹಿಡ್ಕೊಂಡ್ರಿ. 3.4 ಹಾಕಿ. ನಿಮ್ ಗೇಜೂ ಒಪ್ಪತ್ತೆ, ಟ್ಯಾಪೂ ಉಳಿಯತ್ತೆ."

ಹೌದಲ್ಲ... ಅದೂ ಅದೇ ಟೇಬಲ್‌ನಲ್ಲಿತ್ತು. ಇಪ್ಪತ್ತೊಂಬತ್ತು ವರ್ಷ ಮೇಲಿನ ಅಂಚನ್ನು ಕೆಲಸಗಳ್ಳರ ಅಂಚು ಅಂದುಕೊಂಡಿದ್ದೆ.

ಮುರಿದ ಟ್ಯಾಪ್ ತೆಗೆದು ಸಿಲಿಂಡರ್ ಕೈಗಿಡುವಾಗ ಕೇಳಿದರು, "ಆ ಟ್ರೇ ನಿಜವಾಗ್ಲೂ ಫೇಲಾ ಮೇಡಂ?"

"ಫೇಲೇ ಪುಟ್ಟಣ್ಣ."

"ಗೊತ್ತು ಬಿಡಿ" ಅಂದರು. ಇಬ್ಬರೂ ನಕ್ಕೆವು. ಹೊರಡುವಾಗ, "ಸಾರ್‌ಗೆ ಹೇಳ್ಬಿಡಿ ಮೇಡಂ. ಅವರ ಕೈ ಹೋಗಿರಬಹುದು, ಕೆಲಸ ಮರ್ತುಹೋಗಿಲ್ಲ" ಅಂದರು.

ಸೆಪ್ಟೆಂಬರ್ 25, ಬುಧವಾರ

ಹೇಳಿಲ್ಲ. ಉಳಿದ ಮೂರು ತೂತನ್ನು 3.4ಕ್ಕೆ ದೊಡ್ಡದು ಮಾಡಿಟ್ಟಿದ್ದೇನೆ. ದಿನಾ ಹೋಗಿ ಹಿಡಿ ಹಿಡಿದು ನಿಲ್ಲುತ್ತೇನೆ. ತಿರುಗಿಸಲು ಕೈ ಬರುತ್ತಿಲ್ಲ. ಹದಿನೆಂಟು ದಿನ ಉಳಿದಿದೆ.

ಅಕ್ಟೋಬರ್ 2, ಬುಧವಾರ, ಸಂಜೆ

ಇವತ್ತು ಧೈರ್ಯ ಮಾಡಿದೆ. ನಾಲ್ಕನೆಯ ತೂತು, ಹೊಸ ಟ್ಯಾಪ್. ಎರಡು ಸುತ್ತು ಹೋಯಿತು. ಕಿರ್ ಅಂತು. ಅಷ್ಟರಲ್ಲಿ ಹಾಲ್‌ನ ಕಿಟಕಿಯಿಂದ ಇವರ ದನಿ.

"ಹಿಂದಕ್ಕೆ ತಿರುಗಿಸು."

ತಿರುಗಿಸುವುದು ನಿಲ್ಲಿಸಿದೆ.

"ಅರ್ಧ ಸುತ್ತು ಮುಂದೆ, ಕಾಲು ಹಿಂದೆ. ಒಳಗಿನ ಚೂರು ಮುರೀಬೇಕು. ಸೀಮೆಎಣ್ಣೆ ಬಿಡು, ಎರಡು ಹನಿ."

ಹಾಗೇ ಮಾಡಿದೆ. ನಾಲ್ಕು ಮುಗಿಯಿತು. ಐದೂ ಮುಗಿಯಿತು. ನಡುವೆ ಗೋಡೆ. ಅಲ್ಲಿಂದ ಹೇಳುವುದು ಅವರು, ಇಲ್ಲಿ ತಿರುಗಿಸುವುದು ನಾನು.

ಒಳಗೆ ಬಂದು ಎಲ್ಲ ಹೇಳಿದೆ. ಟ್ಯಾಪ್, ಮೆಂತ್ಯದ ಡಬ್ಬಿ, ಪೀಣ್ಯ. "ಮುರಿದ ದಿನಾನೇ ಗೊತ್ತಾಯ್ತು ಕಣೆ. ಆ ಟಿಕ್ ಸದ್ದು ನಂಗೆ ಗೊತ್ತಾಗಲ್ವಾ?" ಅಂದರು.

"ಮತ್ತೆ ಯಾಕೆ ಸುಮ್ಮನಿದ್ರಿ?"

"ನಾನಿಲ್ದೆ ಆಗ್ಬಿಡತ್ತೇನೋ ಅಂತ ನೋಡ್ತಿದ್ದೆ. ಆಗ್ಬಿಟ್ರೆ ಅಂತ ಭಯಾನೂ ಇತ್ತು."

ಮಂಕಾದೆ. ಈ ಭಯ ನನಗೆ ಹೊಳೆದೇ ಇರಲಿಲ್ಲ.

ಅಕ್ಟೋಬರ್ 6, ಭಾನುವಾರ, 11:30

ಆರನೆಯದು. ಅರ್ಧಕ್ಕೆ ಕಿರುಗುಟ್ಟಿತು. ಹಿಂದೆ ತಿರುಗಿಸಿದೆ, ಎಣ್ಣೆ ಬಿಟ್ಟೆ, ಮತ್ತೆ ಅದೇ ಸದ್ದು. ಕಿಟಕಿಗೆ ಕೂಗಿದೆ — "ಇಲ್ಲಿಂದ ನಂಗೆ ಗೊತ್ತಾಗ್ತಿಲ್ಲ ರೀ. ಬನ್ನಿ."

ಮತ್ತೆ ಕರೆಯಲಿಲ್ಲ. ಹಿಡಿ ಬಿಟ್ಟು ನಿಂತೆ.

ಆಮೇಲೆ ಊರುಗೋಲಿನ ಸದ್ದು. ಹಾಲು, ಅಡುಗೆಮನೆ, ಹಿತ್ತಲ ಮೆಟ್ಟಿಲು. ಶೆಡ್ ಬಾಗಿಲಲ್ಲಿ ಉಸಿರು ತೆಗೆದುಕೊಂಡರು. ಲೇತ್ ಕಡೆ ನೋಡಲಿಲ್ಲ, ನೇರ ಬೆಂಚಿಗೆ ಬಂದರು. ಎಡಗೈ ಹಿಡಿಯ ಒಂದು ತೋಳಿನ ಮೇಲಿಟ್ಟರು.

"ಆ ತೋಳು ನೀನು ಹಿಡ್ಕೋ. ನನ್ನಷ್ಟೇ ಭಾರ ಬಿಡು, ಜಾಸ್ತಿ ಬೇಡ."

ಅವರ ಎಡಗೈ, ನನ್ನ ಬಲಗೈ. ಅರ್ಧ ಮುಂದೆ, ಕಾಲು ಹಿಂದೆ. ಅವರು ಎಲ್ಲಿ ತಡೆಯುತ್ತಾರೆ, ಎಲ್ಲಿ ಬಿಡುತ್ತಾರೆ ಅಂತ ಹಿಡಿಯಲ್ಲೇ ತಿಳಿಯುತ್ತಿತ್ತು. ತಳ ಮುಟ್ಟಿತು. ಗೇಜ್ ಹಾಕಿದೆ.

"ಏನಂತೆ ಇನ್‌ಸ್ಪೆಕ್ಷನ್ ಮೇಡಂ?"

ಪಾಸು ಅಂತ ತಲೆ ಆಡಿಸಿದೆ. ತುಂಬ ಖುಷಿ ಆಯಿತು. ಬರೆದಿಡುತ್ತೇನೆ, ತುಂಬ ಖುಷಿ.

ಕಾಫಿಗೆ ಅಂತ ಒಳಗೆ ಬಂದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವರು ಅಲ್ಲೇ ಸ್ಟೂಲಿನ ಮೇಲಿದ್ದಾರೆ. ಮುಚ್ಚಳ ಇವತ್ತೇ ಕೂರಿಸಬೇಕಂತೆ, ವಾರ ಕಾಯುವುದು ಯಾಕೆ ಅಂತ...

ಏನೋ ಸದ್ದು. ಲೇತ್‌ನ ಮೋಟಾರು. ಒಬ್ಬರೇ ಆನ್ ಮಾಡಿಕೊಂಡಿದ್ದಾರೆ, ಎಡಗೈಯಲ್ಲಿ. ಅವರ ಕನ್ನಡಕ ನೋಡಿದರೆ ಇಲ್ಲೇ ಮೇಜಿನ ಮೇಲಿದೆ, ಕೊಟ್ಟು ಬರುತ್ತೇನೆ.